ಕಾಲಿಂಚಿನ ಸ್ಲ್ಯಾಬ್

ಮಹಡಿಯ ಮೇಲೆ ನಾಲ್ಕು ಗೋಡೆ ಎದ್ದು ನಿಂತು, ಹನ್ನೊಂದು ವರ್ಷವಾದರೂ ಚಾವಣಿ ಕಾಣದ ಮನೆಯಲ್ಲಿ ‘ಸ್ಲ್ಯಾಬ್’ ಎಂಬ ಮಾತನ್ನು ಯಾರೂ ಬಾಯಿ ತಪ್ಪಿಯೂ ಆಡಬಾರದು. ಆಡಲೇಬೇಕೆಂದಿದ್ದರೆ ಮೆಲ್ಲಗೆ ಆಡಬೇಕು. ಸೀಲಪ್ಪನವರು ಗೇಟಿನ ಹತ್ತಿರ ನಿಂತು, ಫೋನಿನಲ್ಲಿ, ಬೀದಿಗೆಲ್ಲ ಕೇಳುವಂತೆ ಆಡಿದರು. ಆಮೇಲೆ ನಡೆದದ್ದಕ್ಕೆ ಅವರನ್ನು ಬಿಟ್ಟು ಬೇರೆ ಯಾರನ್ನೂ ದೂರುವಂತಿಲ್ಲ.

ಸೀಲಪ್ಪನವರು ತೂಕ ಮತ್ತು ಅಳತೆ ಕಚೇರಿಯಲ್ಲಿ ಕೆಲಸಕ್ಕಿದ್ದರು. ಅಂಗಡಿಯವರು ತಕ್ಕಡಿ ತಂದು ಮುಂದಿಟ್ಟರೆ ಹಿತ್ತಾಳೆಯ ತೂಕದ ಬಟ್ಟುಗಳನ್ನು ಒಂದೊಂದಾಗಿ ಏರಿಸಿ, ಮುಳ್ಳು ಸರಿಯಾಗಿ ನಿಂತರೆ ಸೀಸದ ಸೀಲು ಒತ್ತುವುದು, ನಿಲ್ಲದಿದ್ದರೆ ಮುಖ ಗಂಟಿಕ್ಕಿಕೊಂಡು ವಾಪಸ್ಸು ಕಳಿಸುವುದು ಅವರ ಕೆಲಸ. ಬೀದಿಯವರು ಸೀಲಪ್ಪ ಎಂದು ಕರೆದದ್ದು ಅದಕ್ಕೇ. ಅರ್ಧ ಗ್ರಾಮು ಕಡಿಮೆಯಾದರೂ ಥಟ್ಟನೆ ಕಂಡುಹಿಡಿಯುತ್ತಿದ್ದ ಆ ಕಣ್ಣಿಗೆ ಸ್ವಂತ ಮನೆಯಲ್ಲಿ ಒಂದಿಡೀ ಚಾವಣಿ ಕಡಿಮೆಯಾಗಿರುವುದು ಮಾತ್ರ ಕಾಣುತ್ತಿರಲಿಲ್ಲ.

ಕಾಣುತ್ತಿದ್ದದ್ದು ಅವರ ಹೆಂಡತಿಗೆ. ಆಕೆ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದರು. ಶಾಲೆಯ ಮಕ್ಕಳ ಸಮವಸ್ತ್ರ, ದಿಂಬಿನ ಕವರು, ಕಿಟಕಿಯ ಪರದೆ. ಯಂತ್ರ ಇದ್ದದ್ದು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಮೂರಡಿ ಓಣಿಯಲ್ಲಿ. ಯಾರು ಬಚ್ಚಲಿಗೆ ಹೋಗಬೇಕಾದರೂ ಆಕೆ ಏಳಬೇಕು, ಸ್ಟೂಲು ಎತ್ತಬೇಕು, ಬಟ್ಟೆ ಸುತ್ತಿಕೊಳ್ಳಬೇಕು, ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ‘ಸ್ವಲ್ಪ ಏಳ್ತೀಯಾ?’ ಎನ್ನುವುದು ಆ ಮನೆಯಲ್ಲಿ ದಿನಕ್ಕೆ ಅತಿ ಹೆಚ್ಚು ಸಲ ಕೇಳಿಬರುತ್ತಿದ್ದ ವಾಕ್ಯ. ಮಹಡಿಯ ಮೇಲಿನ ನಾಲ್ಕು ಗೋಡೆ, ಒಂದು ಕಿಟಕಿ, ಒಂದು ಬಾಗಿಲ ಚೌಕಟ್ಟು ಎದ್ದದ್ದೇ ಆಕೆಯ ಹೊಲಿಗೆ ಕೋಣೆಗಾಗಿ. ಸ್ಲ್ಯಾಬ್ ಹಾಕಿಸುವುದೊಂದು ಬಾಕಿ. ‘ಈ ಮಳೆಗಾಲ ಕಳೀಲಿ’ ಎಂದರು ಸೀಲಪ್ಪನವರು. ಅದು ಕಳೆಯಿತು. ‘ಈ ಬೇಸಿಗೆ ಕಳೀಲಿ’ ಎಂದರು. ಅದೂ ಕಳೆಯಿತು. ಹೀಗೆ ಹನ್ನೊಂದು ವರ್ಷ ಕಳೆಯುವ ಹೊತ್ತಿಗೆ ಆಕೆ ಕೇಳುವುದನ್ನು ಬಿಟ್ಟಿದ್ದರು. ಆಸೆಪಡುವುದನ್ನು ಬಿಟ್ಟಿರಲಿಲ್ಲ.

ಇಂಥ ಮನೆಗೆ ಒಂದು ನಾಣ್ಯ ಬಂತು. ಚಿಲ್ಲರೆಯ ಜೊತೆ ಸೀಲಪ್ಪನವರ ಜೇಬಿಗೆ ಬಿದ್ದದ್ದು. ಹೊಸ ತಕ್ಕಡಿಯೊಂದನ್ನು ಪರೀಕ್ಷಿಸುವಾಗ ಸುಮ್ಮನೆ ಅದರ ಮೇಲಿಟ್ಟರು. ತೂಕ ಕಡಿಮೆ ಬಂತು. ತಕ್ಕಡಿಯನ್ನು ಬೈದು, ಇನ್ನೊಂದರ ಮೇಲಿಟ್ಟರು. ಅಲ್ಲೂ ಅಷ್ಟೇ. ಕನ್ನಡಕ ಏರಿಸಿ ನೋಡಿದರೆ ನಾಣ್ಯದ ಒಂದಂಚು ಬಾಗಿ ಒಳಗೆ ಸರಿದಿದೆ. ಟಂಕಸಾಲೆಯಲ್ಲಿ ತಗಡು ಕತ್ತರಿಸುವಾಗಲೇ ಒಂದು ಚೂರು ತಪ್ಪಿಹೋಗಿ, ಅಲ್ಲಿನ ಎಲ್ಲ ಕಣ್ಣುಗಳನ್ನೂ ತಪ್ಪಿಸಿಕೊಂಡು ಹೊರಬಂದ ನಾಣ್ಯ ಅದು. ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ಯಾವ ಮೇಲಧಿಕಾರಿಯೂ ತಿರುಗಿ ನೋಡದ ಸೀಲಪ್ಪನವರಿಗೆ ಸರ್ಕಾರದ್ದೇ ಒಂದು ತಪ್ಪು ಕೈಗೆ ಸಿಕ್ಕಂತಾಯಿತು. ಸಂತೋಷ ತಡೆಯಲಾರದೆ ಅದನ್ನು ಹಲ್ಲುಪುಡಿ ಹಾಕಿ, ಹಳೆಯ ಬ್ರಷ್ಷಿನಿಂದ ಅರ್ಧ ಗಂಟೆ ಉಜ್ಜಿದರು. ನಾಣ್ಯ ಫಳಫಳ ಹೊಳೆಯಿತು. ಅವರ ಮುಖವೂ ಹೊಳೆಯಿತು.

ಅದನ್ನು ತೆಗೆದುಕೊಂಡು ಅವರು ಊರಿನ ನಾಣ್ಯ ಸಂಗ್ರಾಹಕರ ಕೂಟಕ್ಕೆ ಹೋದರು. ಎಂಟು ಜನರ ಕೂಟ. ಗಡಿಯಾರದ ಅಂಗಡಿಯ ಹಿಂದಿನ ಕೋಣೆಯಲ್ಲಿ ತಿಂಗಳಿಗೊಮ್ಮೆ ಸೇರುತ್ತಿತ್ತು. ಸೀಲಪ್ಪನವರು ಮೂರು ವರ್ಷದಿಂದ ಸದಸ್ಯರಾಗಿದ್ದರೂ ಅವರಿಗೆ ಬಾಗಿಲ ಪಕ್ಕದ ಕುರ್ಚಿಯೇ ಗತಿ. ಏಕೆಂದರೆ ಆ ಕೂಟದಲ್ಲಿ ಮನುಷ್ಯನ ಅಂತಸ್ತು ನಿರ್ಧಾರವಾಗುತ್ತಿದ್ದದ್ದು ಅವನು ನಾಣ್ಯವನ್ನು ಯಾವುದರಲ್ಲಿ ಇಡುತ್ತಾನೆ ಎಂಬುದರಿಂದ. ರಟ್ಟಿನ ಚೌಕದ ನಡುವೆ ಪ್ಲಾಸ್ಟಿಕ್ ಕಿಂಡಿ ಇಟ್ಟು ಪಿನ್ನು ಹೊಡೆದುಕೊಂಡವರು ಸಾಧಾರಣ ಜನ. ಗುಂಡನೆಯ ಗಟ್ಟಿ ಡಬ್ಬಿಯಲ್ಲಿ ಇಡುವವರು ಸ್ಥಿತಿವಂತರು. ಸೀಲಪ್ಪನವರು ಹೊಸ ಶರ್ಟಿನ ಜೊತೆ ಬರುವ ಮೆತ್ತನೆಯ ಕವರಿನಲ್ಲಿ ಇಡುತ್ತಿದ್ದರು; ಅವರದು ಲೆಕ್ಕಕ್ಕೇ ಬಾರದ ಜಾಗ.

ಕೂಟದ ಅಧ್ಯಕ್ಷರು ಒಬ್ಬ ನಿವೃತ್ತ ಹಲ್ಲಿನ ಡಾಕ್ಟರು. ಕೈಗವಸು ಹಾಕಿಕೊಳ್ಳದೆ ಅವರು ತಮ್ಮ ಮನೆಯ ಚಿಲ್ಲರೆಯನ್ನೂ ಮುಟ್ಟುತ್ತಿರಲಿಲ್ಲ. ನಾಣ್ಯವನ್ನು ಚಿಮಟದಲ್ಲಿ ಎತ್ತಿ, ದೀಪಕ್ಕೆ ಹಿಡಿದು, ‘ಬಾಯಿ ತೆರೀರಿ’ ಎನ್ನುವ ದನಿಯಲ್ಲಿ ಕೇಳಿದರು.

“ಇದನ್ನ ಆ ಕವರಲ್ಲಿ ಇಟ್ಟಿದ್ರಾ? ಆ ಮೆತ್ತನೆ ಪ್ಲಾಸ್ಟಿಕ್ಕು ವಿಷ ಕಣ್ರೀ! ಆರು ತಿಂಗಳಲ್ಲಿ ನಾಣ್ಯ ಹಸಿರಾಗಿ, ಅಂಟಂಟಾಗಿ, ಕೊಳೆತು ಹೋಗತ್ತೆ. ಅಪರೂಪದ್ದು ಇದು. ಅದ್ಸರಿ, ತುಂಬಾ ಹೊಳೀತಿದೆಯಲ್ಲ?”

“ಹುಟ್ಟಿದಾಗಿಂದ ಹಾಗೇ ಇದೆ ಸಾರ್,” ಎಂದರು ಸೀಲಪ್ಪನವರು.

“ಹಾಗಾದ್ರೆ ಒಂದೇ ದಾರಿ. ಸ್ಲ್ಯಾಬ್ ಹಾಕಿಸ್ಬಿಡಿ.”

ನಾಣ್ಯ ಸಂಗ್ರಾಹಕರ ಭಾಷೆಯಲ್ಲಿ ಸ್ಲ್ಯಾಬ್ ಎಂದರೆ ಅಂಗೈಯಗಲದ, ಗಾಜಿನಂತೆ ತಿಳಿಯಾದ, ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ. ದೂರದ ಊರಿನ ಪ್ರಯೋಗಾಲಯದವರು ನಾಣ್ಯವನ್ನು ಪರೀಕ್ಷಿಸಿ, ಎಪ್ಪತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಅದನ್ನು ಚೀಟಿಯಲ್ಲಿ ಬರೆದು, ನಾಣ್ಯವನ್ನೂ ಚೀಟಿಯನ್ನೂ ಒಟ್ಟಿಗೆ ಒಳಗಿಟ್ಟು, ಮತ್ತೆ ತೆರೆಯಲಾಗದಂತೆ ಬೆಸೆದು ಕಳಿಸುತ್ತಾರೆ. ಕೂಟದಲ್ಲಿ ಅಂಥದ್ದು ಇದ್ದದ್ದು ಅಧ್ಯಕ್ಷರ ಬಳಿ ಮಾತ್ರ. ವಾರ್ಷಿಕ ಪ್ರದರ್ಶನದಲ್ಲಿ ಸ್ಲ್ಯಾಬ್ ಇದ್ದವರಿಗೆ ಮುಂದಿನ ಮೇಜು, ಅದಕ್ಕೊಂದು ಮೇಜುಬಟ್ಟೆ.

ಸೀಲಪ್ಪನವರು ಮೂರು ದಿನ ಆ ಮೇಜುಬಟ್ಟೆಯ ಬಗ್ಗೆಯೇ ಯೋಚಿಸಿದರು. ನಾಲ್ಕನೆಯ ದಿನ ಬೆಳಿಗ್ಗೆ ಅಧ್ಯಕ್ಷರಿಗೆ ಫೋನು ಮಾಡಿದರು. ಡಾಕ್ಟರಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಫೋನನ್ನು ಎಡಗಿವಿಗೇ ಹಿಡಿಯುವುದು ಅವರ ಅಭ್ಯಾಸ. ಹಾಗಾಗಿ ಸೀಲಪ್ಪನವರು ಕೂಗಬೇಕಾಯಿತು.

“ಹೌದು ಸಾರ್! ಸ್ಲ್ಯಾಬ್! ಸ್ಲ್ಯಾಬ್ ಹಾಕಿಸೇ ಬಿಡ್ತೀನಿ! ಖರ್ಚಾದ್ರೆ ಆಗ್ಲಿ ಸಾರ್, ಎಷ್ಟು ದಿನ ಅಂತ ಹಾಗೇ ಬಿಡೋದು! ಇಲ್ಲ ಇಲ್ಲ, ಮನೆಯವಳಿಗೆ ಹೇಳಿಲ್ಲ! ಆದ್ಮೇಲೆ ತೋರಿಸ್ತೀನಿ! ಸರ್‌ಪ್ರೈಸು!”

ಓಣಿಯಲ್ಲಿ ಹೊಲಿಗೆ ಯಂತ್ರ ನಿಂತಿತು. ಕಾಂಪೌಂಡಿನ ಆಚೆ, ಪಕ್ಕದ ಮನೆಯ ಗಾರ್ಡ್ ಸಾಹೇಬರು ಪತ್ರಿಕೆ ಕೆಳಗಿಟ್ಟರು. ರೈಲ್ವೆ ಗಾರ್ಡಾಗಿ ನಿವೃತ್ತರಾಗಿದ್ದ ಅವರ ಚಾವಣಿಯ ಮೇಲೆ ಬಿಸಿಲಿನಲ್ಲಿ ನೀರು ಕಾಯಿಸುವ ಯಂತ್ರವಿತ್ತು. ಸೀಲಪ್ಪನವರ ಮಹಡಿಗೆ ಚಾವಣಿ ಬಂದರೆ ಆ ಬಿಸಿಲು ಹೋಗುತ್ತದೆಂದು ಅವರು ಹನ್ನೊಂದು ವರ್ಷದಿಂದ ಕಾವಲು ಕೂತಿದ್ದರು.

ಆ ದಿನ ಸೀಲಪ್ಪನವರಿಗೆ ಕೇಳದೆಯೇ ಎರಡನೆಯ ಲೋಟ ಕಾಫಿ ಬಂತು. ಶರ್ಟಿಗೆ ಎರಡು ತಿಂಗಳಿಂದ ಇಲ್ಲದ ಗುಂಡಿ ಬಂತು. ಸರ್‌ಪ್ರೈಸ್ ಎಂದ ಮೇಲೆ ಬಾಯಿ ಬಿಟ್ಟು ಕೇಳಬಾರದೆಂದು ಹೆಂಡತಿ ತಮ್ಮಷ್ಟಕ್ಕೆ ನಿರ್ಧರಿಸಿದ್ದರು. ಆದರೂ ಊಟಕ್ಕೆ ಕೂತಾಗ ತಡೆಯಲಾಗಲಿಲ್ಲ.

“ನಂಗೇನೂ ಗೊತ್ತಿಲ್ಲಪ್ಪ,” ಎಂದರು ಗೋಡೆಯ ಕಡೆ ನೋಡುತ್ತ. “ಸುಮ್ನೆ ಕೇಳ್ತೀನಿ. ಇಂಥ ಕೆಲಸಕ್ಕೆಲ್ಲ ಎಷ್ಟು ದಿನ ಹಿಡಿಯತ್ತೆ?”

ಫೋನಿನ ಮಾತು ಕೇಳಿಸಿಕೊಂಡಿದ್ದಾಳೆ, ಆದರೂ ಬೈಯುತ್ತಿಲ್ಲ ಎಂದು ಸೀಲಪ್ಪನವರಿಗೆ ಆಶ್ಚರ್ಯವಾಯಿತು. ನಾಣ್ಯದ ಮೇಲೆ ಹೆಂಡತಿಗೂ ಅಭಿಮಾನ ಹುಟ್ಟಿದೆಯಲ್ಲ ಎಂದು ಎದೆ ಉಬ್ಬಿತು.

“ಆರು ವಾರ ಅಂತಾರೆ.”

“ಸರಿಯಾಗಿ ಗಟ್ಟಿ ಆಗ್ಬೇಕಲ್ಲ. ಗ್ರೇಡ್ ನೋಡಿ ಹಾಕಿಸ್ಬೇಕಂತೆ. ಐವತ್ಮೂರು ಗ್ರೇಡು ಒಳ್ಳೇದು ಅಂತ ನಮ್ಮಣ್ಣ ಮನೆ ಕಟ್ಟಿಸುವಾಗ ಹೇಳ್ತಿದ್ದ.”

“ಐವತ್ಮೂರಾ!” ಸೀಲಪ್ಪನವರು ನಕ್ಕುಬಿಟ್ಟರು. “ಅದು ಕೈಗೆ ಸಿಕ್ಕಿ ಸವೆದು ಹೋದವಕ್ಕೆ. ನಮ್ದು ಅರವತ್ತರ ಮೇಲೆ ಬರ್ಬೇಕು. ಅರವತ್ತೈದು ಬಂದ್ರೂ ಆಶ್ಚರ್ಯ ಇಲ್ಲ.”

ಹೆಂಡತಿಯ ಕಣ್ಣು ಒದ್ದೆಯಾಯಿತು. ಹನ್ನೊಂದು ವರ್ಷ ಸುಮ್ಮನಿದ್ದ ಮನುಷ್ಯ ಅಣ್ಣನ ಸಿಮೆಂಟಿಗಿಂತ ಹನ್ನೆರಡು ಗ್ರೇಡ್ ಹೆಚ್ಚಿನದನ್ನೇ ತರಿಸುತ್ತಿದ್ದಾನೆ. ಆಕೆ ಆ ಸಂಜೆಯೇ ಟೇಪು ಹಿಡಿದು ಮಹಡಿ ಹತ್ತಿ, ಕಿಟಕಿಯ ಅಳತೆ ತೆಗೆದುಕೊಂಡು ಬಂದರು. ನಾಣ್ಯ ಆ ವಾರವೇ ಅಂಚೆಯಲ್ಲಿ ಪ್ರಯೋಗಾಲಯಕ್ಕೆ ಹೋಯಿತು.

ಗಂಡನಿಗೆ ಒಳ್ಳೆಯ ಕೆಲಸಗಾರರು ಸಿಗದೆ ಹೋದರೆ ಎಂಬ ಚಿಂತೆಯಿಂದ ಆಕೆ ಇನ್ನೊಂದು ಕೆಲಸವನ್ನೂ ಮಾಡಿದರು. ಆ ಭಾಗದಲ್ಲೆಲ್ಲ ಹೆಸರಾಗಿದ್ದ ಮೇಸ್ತ್ರಿಯನ್ನು ಕಂಡು, ‘ನಾನು ಕಳಿಸಿದೆ ಅಂತ ಮಾತ್ರ ಹೇಳ್ಬೇಡಿ’ ಎಂದು ಮೂರು ಸಲ ಹೇಳಿ, ಸೀಲಪ್ಪನವರ ಕಚೇರಿಗೇ ಕಳಿಸಿದರು.

ಸೀಲಪ್ಪನವರು ಮೇಜಿನ ಮೇಲೆ ಎಂಟು ತಕ್ಕಡಿಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿದ್ದರು. ಎದುರಿಗೆ ಒಬ್ಬ ದಪ್ಪ ಮನುಷ್ಯ ಬಂದು ನಿಂತ. ಕೈಗೆ, ಹುಬ್ಬಿಗೆಲ್ಲ ಬೂದುಬಣ್ಣದ ಪುಡಿ ಮೆತ್ತಿತ್ತು. ಹಲ್ಲಿನ ಅಚ್ಚು ತೆಗೆಯುವ ಪುಡಿ ಇರಬೇಕು, ಅಧ್ಯಕ್ಷರ ಕಡೆಯವನೇ ಇರಬೇಕು ಎಂದುಕೊಂಡರು ಸೀಲಪ್ಪನವರು.

“ಸ್ಲ್ಯಾಬ್ ವಿಷ್ಯ ಗೊತ್ತಾಯ್ತು ಸಾರ್,” ಎಂದ ಮೇಸ್ತ್ರಿ. “ಇಪ್ಪತ್ತು ವರ್ಷದಿಂದ ನಾನೇ ಸ್ಲ್ಯಾಬ್ ಹಾಕ್ತಿರೋದು.”

“ನೀವೇ ಹಾಕ್ತೀರಾ?”

“ಮತ್ತೆ ಯಾರು ಸಾರ್? ನಾನು, ನಮ್ಮ ಹುಡುಗ್ರು.”

“ಎಲ್ಲಿ?”

“ಎಲ್ಲಿ ಅಂದ್ರೆ? ಮನೇಲೇ!”

ಸೀಲಪ್ಪನವರ ಮುಖ ಬಿಗಿಯಿತು. ನಕಲಿ ಸ್ಲ್ಯಾಬ್ ಮಾಡುವ ಕಳ್ಳರಿದ್ದಾರೆ, ಹುಷಾರು ಎಂದು ಅಧ್ಯಕ್ಷರು ಹೇಳಿದ್ದರು. ಮನೆಯಲ್ಲೇ ಹಾಕುತ್ತೇನೆಂದು ಹಾಡುಹಗಲೇ ಸರ್ಕಾರಿ ಕಚೇರಿಗೆ ಬಂದು ಹೇಳುವಷ್ಟು ಧೈರ್ಯವೇ ಇವನಿಗೆ!

“ನೋಡಿ, ನಂದು ಹೊರಗಡೆ ಲ್ಯಾಬಲ್ಲಿ ಆಗ್ತಿದೆ. ಹಾಕಿ ಕೊರಿಯರಲ್ಲಿ ಕಳಿಸ್ತಾರೆ.”

ಮೇಸ್ತ್ರಿ ಕಿವಿಗೆ ಮೆತ್ತಿದ್ದ ಪುಡಿ ಒರೆಸಿಕೊಂಡ.

“ಸ್ಲ್ಯಾಬ್‌ನ... ಕೊರಿಯರಲ್ಲಿ?”

“ರಿಜಿಸ್ಟರ್ಡು.”

“ದಪ್ಪ ಎಷ್ಟು ಸಾರ್?”

“ಕಾಲು ಇಂಚು.”

“ಕಾಲಡಿ ಅಂತೀರಾ?”

“ಕಾಲು ಇಂಚು! ಅಳತೆ ವಿಷ್ಯದಲ್ಲಿ ನಂಗೆ ಪಾಠ ಹೇಳ್ಬೇಡಿ.”

“ಕಬ್ಬಿಣ ಎಷ್ಟೆಳೆ ಹಾಕಿದ್ದಾರೆ?”

“ಕಬ್ಬಿಣಾನಾ? ಹತ್ತಿರಾನೂ ತರೋ ಹಾಗಿಲ್ಲ. ಪೂರ್ತಿ ಪ್ಲಾಸ್ಟಿಕ್ಕು. ಈ ಕಡೆಯಿಂದ ನೋಡಿದ್ರೆ ಆ ಕಡೆ ಕಾಣ್ಬೇಕು.”

ಮೇಸ್ತ್ರಿ ಪಕ್ಕದ ಕುರ್ಚಿಯನ್ನು ಹುಡುಕಿ ಕೂತುಕೊಂಡ. “ನಂದೊಂದು ಮಾತು ಕೇಳಿ ಸಾರ್. ನಾನು ಹಾಕಿದ ಸ್ಲ್ಯಾಬ್ ಒಂದೂ ಇವತ್ತಿನವರೆಗೆ ಬಿದ್ದಿಲ್ಲ.”

“ಬಿದ್ರೇನಂತೆ? ಒಳ್ಳೇ ಸ್ಲ್ಯಾಬು ಕೈಯಿಂದ ಬಿದ್ರೂ ಒಡೀಬಾರ್ದು. ನಿಮ್ಮಂಥವ್ರು ಮನೇಲಿ ಹಾಕೋ ಸ್ಲ್ಯಾಬೆಲ್ಲ ಡೂಪ್ಲಿಕೇಟು. ಪೊಲೀಸಿಗೆ ಹೇಳೋಕೆ ಮುಂಚೆ ಎದ್ದು ಹೋಗಿ.”

ಮೇಸ್ತ್ರಿ ಎದ್ದ. ಇಪ್ಪತ್ತು ವರ್ಷದ ಮರ್ಯಾದೆ ಎಂಟು ತಕ್ಕಡಿಗಳ ಮುಂದೆ ಹಗುರವಾಗಿ ಹೋಗಿತ್ತು. ಅವನು ನೇರವಾಗಿ ಸೀಲಪ್ಪನವರ ಬೀದಿಗೆ ಹೋಗಿ ಸಿಕ್ಕಸಿಕ್ಕವರಿಗೆಲ್ಲ ವಿಷಯ ತಿಳಿಸಿದ. ಕಾಲಿಂಚು ದಪ್ಪದ, ಕಬ್ಬಿಣವಿಲ್ಲದ, ಆಚೆಯಿಂದ ಈಚೆ ಕಾಣುವ ಪ್ಲಾಸ್ಟಿಕ್ ಚಾವಣಿ ಕೊರಿಯರ್‌ನಲ್ಲಿ ಬರುತ್ತಿದೆ ಎಂಬ ಸುದ್ದಿ ಸಂಜೆಯೊಳಗೆ ಎಲ್ಲರ ಬಾಯಲ್ಲೂ ಇತ್ತು. ಇದು ಹೊಸ ತಂತ್ರಜ್ಞಾನ ಎಂದು ಅರ್ಧ ಬೀದಿ ನಂಬಿತು. ಹೆಂಡತಿಯೂ ನಂಬಿದರು. ಗಾಜಿನಂಥ ಚಾವಣಿಯಾದರೆ ಹಗಲೆಲ್ಲ ಬೆಳಕು, ಸೂಜಿಗೆ ದಾರ ಪೋಣಿಸಲು ದೀಪವೇ ಬೇಡ ಎಂದು ಆಕೆಗೆ ಇನ್ನೂ ಖುಷಿಯಾಯಿತು. ಗಾರ್ಡ್ ಸಾಹೇಬರು ಮಾತ್ರ ನಂಬಿದರೂ ಒಪ್ಪಲಿಲ್ಲ. ನಾಲ್ಕು ಪುಟದ ದೂರು ಬರೆದು, ಅದಕ್ಕೆ ಬಿಸಿಲಿನ ನಕ್ಷೆಯೊಂದನ್ನು ಲಗತ್ತಿಸಿ, ನಗರಸಭೆಗೆ ಕೊಟ್ಟು ಬಂದರು.

ನಾಲ್ಕನೆಯ ವಾರ ನಗರಸಭೆಯ ಇನ್ಸ್‌ಪೆಕ್ಟರು ಫೈಲು ಹಿಡಿದು ಬಂದರು. ಮುಂದಿನ ಕೋಣೆಯಲ್ಲಿ ಕೂತು, ಪೆನ್ನಿನ ಮುಚ್ಚಳ ತೆಗೆದು, ಕೇಳಲು ಶುರು ಮಾಡಿದರು.

“ಸ್ಲ್ಯಾಬ್ ಹಾಕಿಸ್ತಿರೋದು ನಿಜಾನಾ?”

“ನಿಜ ಸಾರ್.” ಸುದ್ದಿ ನಗರಸಭೆವರೆಗೂ ಮುಟ್ಟಿದೆಯಲ್ಲ ಎಂದು ಸೀಲಪ್ಪನವರು ಸಂಕೋಚದಿಂದ ನಕ್ಕರು.

“ಕಾಲಿಂಚಿಂದು?”

“ಹೌದು ಸಾರ್. ಸ್ಟ್ಯಾಂಡರ್ಡು.”

“ಯಾರು ಒಪ್ಪಿಗೆ ಕೊಟ್ಟಿದ್ದು?”

“ನಮ್ಮ ಅಧ್ಯಕ್ಷರು. ಹಲ್ಲಿನ ಡಾಕ್ಟ್ರು.”

ಇನ್ಸ್‌ಪೆಕ್ಟರು ಬರೆಯುತ್ತಿದ್ದವರು ತಲೆಯೆತ್ತಿದರು. “ಹಲ್ಲಿನ ಡಾಕ್ಟ್ರು?”

“ಈ ವಿಷ್ಯದಲ್ಲಿ ಅವರನ್ನ ಮೀರಿಸೋರಿಲ್ಲ ಸಾರ್.”

“ಆಯ್ತು. ಒಳಗಡೆ ಎಷ್ಟು ಜನ ಇರ್ತೀರಿ?”

“ಒಳಗಡೆ ಜನ ಯಾಕೆ ಸಾರ್? ಒಂದೇ ನಾಣ್ಯ.”

ಪೆನ್ನು ನಿಂತಿತು. ಸೀಲಪ್ಪನವರು ಅಂಗೈ ಚಾಚಿ, ಇಷ್ಟಗಲ, ಇಷ್ಟುದ್ದ ಎಂದು ತೋರಿಸಿ, ಇಡೀ ವಿಷಯ ವಿವರಿಸಿದರು. ಇನ್ಸ್‌ಪೆಕ್ಟರು ಫೈಲಿನಲ್ಲಿದ್ದ ಬಿಸಿಲಿನ ನಕ್ಷೆಯನ್ನು ಒಮ್ಮೆ, ಆ ಅಂಗೈಯನ್ನು ಒಮ್ಮೆ ನೋಡಿದರು. ಆಮೇಲೆ ದೂರನ್ನು ತಿರುಗಿಸಿ ಸೀಲಪ್ಪನವರ ಮುಂದಿಟ್ಟರು. ‘ಮಹಡಿ’, ‘ಚಾವಣಿ’, ‘ಹೊಲಿಗೆ ಕೋಣೆ’ ಎಂಬ ಮಾತುಗಳ ಮೇಲೆ ಸೀಲಪ್ಪನವರ ಬೆರಳು ಒಂದೊಂದಾಗಿ ಜಾರುತ್ತ ಹೋಯಿತು.

ಅಷ್ಟರಲ್ಲಿ ಒಳಗಿನಿಂದ ಹೆಂಡತಿ ಬಂದರು. ಕೈಯಲ್ಲಿ ನೀಲಿ ಬಣ್ಣದ ಪರದೆ, ಅಂಚಿಗೆ ಬಿಳಿ ಪಟ್ಟಿ.

“ಇನ್ಸ್‌ಪೆಕ್ಟ್ರೇ, ನಮ್ಮೋರದ್ದು ಏನಾದ್ರೂ ಕಾಗದಪತ್ರ ಕಡಿಮೆ ಇದ್ರೆ ಹೇಳಿ, ಕೊಡ್ತೀವಿ. ಇದೊಂದಕ್ಕೆ ಮಾತ್ರ ಅಡ್ಡ ಬರ್ಬೇಡಿ. ಪರದೇನೂ ಹೊಲಿದಾಯ್ತು. ಮೇಲಿನ ಕಿಟಕಿಗೆ.”

ಸೀಲಪ್ಪನವರು ದೂರನ್ನು ಮಗುಚಿಟ್ಟರು. ಇನ್ಸ್‌ಪೆಕ್ಟರು ಸಂಸಾರಸ್ಥರು. ಪೆನ್ನಿನ ಮುಚ್ಚಳ ಹಾಕಿ, ಫೈಲು ಕಟ್ಟಿ, ಎದ್ದುಬಿಟ್ಟರು. “ಇಲ್ಲಮ್ಮ, ನಮ್ಮ ಕಡೆಯಿಂದ ಏನೂ ತೊಂದ್ರೆ ಇಲ್ಲ,” ಎಂದರು ಆಕೆಗೆ. ಗೇಟಿನವರೆಗೆ ಬಂದ ಸೀಲಪ್ಪನವರಿಗೆ ಮೆಲ್ಲಗೆ ಹೇಳಿದರು: “ಈ ಕೇಸು ನಮ್ಮ ಇಲಾಖೇದಲ್ಲ ಸಾರ್. ದೇವ್ರು ನಿಮ್ಮನ್ನ ಕಾಪಾಡ್ಲಿ.”

ದೇವರಿಗೆ ಆ ವಾರ ಬೇರೆ ಕೆಲಸವಿತ್ತೆಂದು ಕಾಣುತ್ತದೆ. ಸೀಲಪ್ಪನವರು ಮೊದಲು ಮೇಸ್ತ್ರಿಯ ಮನೆಗೆ ಓಡಿದರು. ನಿಜವಾದ ಸ್ಲ್ಯಾಬನ್ನೇ ಬೇಗಬೇಗ ಹಾಕಿಸಿಬಿಟ್ಟರೆ ಎಲ್ಲ ಮುಚ್ಚಿಹೋಗುತ್ತದೆಂಬ ಲೆಕ್ಕ. ಮೇಸ್ತ್ರಿ ಬಾಗಿಲಲ್ಲೇ ನಿಂತು, “ನಮ್ದೆಲ್ಲ ಡೂಪ್ಲಿಕೇಟು ಸಾರ್. ಕೊರಿಯರಲ್ಲೇ ತರಿಸ್ಕೊಳ್ಳಿ,” ಎಂದು ಕದ ಹಾಕಿಕೊಂಡ. ಆಮೇಲೆ ಸೀಲಪ್ಪನವರು ಹೆಂಡತಿಗೆ ನಿಜ ಹೇಳಿಬಿಡಲು ಧೈರ್ಯ ಮಾಡಿ, ಓಣಿಯ ತುದಿಯಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು. ಆಕೆ ಅಭ್ಯಾಸದಿಂದ ಎದ್ದು, ಸ್ಟೂಲೆತ್ತಿ, ಗೋಡೆಗೆ ಅಂಟಿ ನಿಂತರು.

“ಬಚ್ಚಲಿಗಲ್ಲ. ಒಂದು ವಿಷ್ಯ ಹೇಳ್ಬೇಕಿತ್ತು. ಆ ಸ್ಲ್ಯಾಬ್ ಇದೆಯಲ್ಲ...”

“ಹೇಳ್ಬೇಡಿ!” ಆಕೆ ಕಿವಿ ಮುಚ್ಚಿಕೊಂಡರು. “ಸರ್‌ಪ್ರೈಸ್ ಅಂದಿದ್ದೀರಿ, ಹಾಗೇ ಇರ್ಲಿ. ನೀವು ನಂಗೆ ಅಂತ ಮಾಡ್ತಿರೋದು ಇದೊಂದೇ ಕಣ್ರೀ. ಹಾಳು ಮಾಡ್ಬೇಡಿ.”

ಸೀಲಪ್ಪನವರು ಬಂದ ದಾರಿಯಲ್ಲೇ ವಾಪಸ್ಸಾದರು. ಅವರಿಗೆ ಆ ಹೊತ್ತಿಗೆ ತಮ್ಮ ಬಗ್ಗೆ ನಾಚಿಕೆಯಾಗಿತ್ತು, ಅದು ನಿಜ. ಆದರೆ ನಾಚಿಕೆಯಾದ ಮಾತ್ರಕ್ಕೆ ಬಾಯಿ ಬರುವುದಿಲ್ಲವಲ್ಲ. ಮುಂದಿನ ಎರಡು ವಾರ ಅವರು ಊಟದ ತಟ್ಟೆಯ ಜೊತೆ ಮಾತ್ರ ಕಣ್ಣು ಸೇರಿಸಿದರು.

ಆರನೆಯ ವಾರ ಕೊರಿಯರಿನವರು ಮನೆಗೆ ಫೋನು ಮಾಡಿದರು. ಎತ್ತಿಕೊಂಡದ್ದು ಹೆಂಡತಿ. “ಮೇಡಂ, ನಿಮ್ಮ ಪಾರ್ಸೆಲ್ ನಾಳೆ ಹನ್ನೊಂದು ಗಂಟೆಗೆ ಬರತ್ತೆ. ಸ್ಲ್ಯಾಬ್, ಒಂದು, ಅಂತ ಬರೆದಿದೆ.” ಮರುದಿನ ಭಾನುವಾರ. ಹತ್ತೂವರೆಗೇ ಬೀದಿ ತುಂಬಿತು. ದೂರು ಬಿದ್ದುಹೋದ ಮೇಲೆ ಗಾರ್ಡ್ ಸಾಹೇಬರು ವಿರೋಧ ಬಿಟ್ಟು ಉಸ್ತುವಾರಿ ವಹಿಸಿಕೊಂಡಿದ್ದರು. ಸ್ಕೂಟರುಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ಕ್ರೇನು ತಿರುಗಲು ಜಾಗ ಬಿಡಿಸಿ, ಹಸಿರು ಬಾವುಟ ಹಿಡಿದು ಬೀದಿಯ ತುದಿಯಲ್ಲಿ ನಿಂತರು. ಮೇಸ್ತ್ರಿ ಬಂದು, ಕೈ ಕಟ್ಟಿಕೊಂಡು, ಎದುರು ಮನೆಯ ಜಗಲಿಯ ಮೇಲೆ ಕೂತ. ಹೆಂಡತಿ ಮಡಿಕೆ ಮುರಿಯದ ಸೀರೆ ಉಟ್ಟು ಗೇಟಿನ ಬಳಿ ನಿಂತರು. ಸೀಲಪ್ಪನವರು ಹೊಟ್ಟೆನೋವೆಂದು ಮಲಗಿದ್ದವರನ್ನು ನಾಲ್ಕು ಜನ ಎಬ್ಬಿಸಿ ತಂದು ಆಕೆಯ ಪಕ್ಕ ನಿಲ್ಲಿಸಿದರು.

ಹನ್ನೊಂದು ಗಂಟೆಗೆ ಗಾರ್ಡ್ ಸಾಹೇಬರ ಸೀಟಿ ಮೊಳಗಿತು. ಬಾವುಟ ಏರಿತು. ತೆರವಾದ ಬೀದಿಯ ನಟ್ಟನಡುವೆ, ಒಂದು ಸೈಕಲ್ಲು ಬಂತು.

ಕೊರಿಯರಿನವನಿಗೆ ಇಷ್ಟು ಜನ ತನ್ನನ್ನು ಕಾದದ್ದು ಜೀವಮಾನದಲ್ಲೇ ಮೊದಲು. ಹೆದರುತ್ತಲೇ ಇಳಿದು, ಚೀಲದಿಂದ ಸೋಪಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ ತೆಗೆದು, “ಸ್ಲ್ಯಾಬ್... ಇಲ್ಲೇನಾ?” ಎಂದ.

“ಇದು ಬಿಲ್ಲು ಇರ್ಬೇಕು,” ಎಂದರು ಗಾರ್ಡ್ ಸಾಹೇಬರು, ಸೈಕಲ್ಲಿನ ಹಿಂದೆ ಬೀದಿಯುದ್ದಕ್ಕೂ ಕಣ್ಣು ಹಾಯಿಸುತ್ತ. “ಲಾರಿ ಹಿಂದೆ ಬರ್ತಿದೆಯೇನಪ್ಪ?”

“ಲಾರಿ ಯಾಕೆ ಸಾರ್? ಇಷ್ಟೇ.”

ಹೆಂಡತಿ ಪೆಟ್ಟಿಗೆ ತೆಗೆದುಕೊಂಡರು. ಕತ್ತರಿಯಿಂದ ಟೇಪು ಕತ್ತರಿಸಿದರು. ಹತ್ತಿ, ಕಾಗದ, ಮತ್ತೆ ಹತ್ತಿ. ಒಳಗಿನಿಂದ ತಿಳಿಯಾದ ಪ್ಲಾಸ್ಟಿಕ್ ಬಿಲ್ಲೆ ಹೊರಬಂತು. ನಡುವೆ ಅಂಚು ತಪ್ಪಿದ ನಾಣ್ಯ.

“ಏನ್ರೀ ಇದು?”

ಸೀಲಪ್ಪನವರು ನೆಲ ನೋಡಿದರು. “ಸ್ಲ್ಯಾಬು,” ಎಂದರು. “ನಾಣ್ಯಕ್ಕೆ ಹಾಕ್ಸೋದಕ್ಕೂ ಹಾಗೇ ಅಂತಾರೆ. ಫೋನಲ್ಲಿ ನಾನು ಹೇಳಿದ್ದು ಇದನ್ನೇ. ಮೇಲಿನ ಕೋಣೆಗಲ್ಲ. ನಿಂಗೆ ಹೇಳೋಕೆ ಬಂದೆ. ಧೈರ್ಯ ಆಗ್ಲಿಲ್ಲ.”

ಮೇಸ್ತ್ರಿ ಜಗಲಿಯಿಂದ ಇಳಿದು ಬಂದು, ಜೇಬಿನಿಂದ ಟೇಪು ತೆಗೆದು, ಬಿಲ್ಲೆಗೆ ಹಿಡಿದು ನೋಡಿದ. “ಕಾಲಿಂಚೇ ಇದೆ,” ಎಂದ. “ಮನುಷ್ಯ ಹೇಳಿದ ಮಾತಿಗೆ ತಪ್ಪಿಲ್ಲ.” ಯಾರೂ ನಗಲಿಲ್ಲವಾದ್ದರಿಂದ ಅವನೂ ನಗಲಿಲ್ಲ.

ಹೆಂಡತಿ ಬಿಲ್ಲೆಯನ್ನು ಬೆಳಕಿಗೆ ಹಿಡಿದು, ಒಳಗಿನ ಚೀಟಿಯನ್ನು ಗಟ್ಟಿಯಾಗಿ ಓದಿದರು. “ಅಸಲಿ. ಉಜ್ಜಿ ತೊಳೆಯಲಾಗಿದೆ. ಅಂಕ ಕೊಡಲು ಬರುವುದಿಲ್ಲ.”

“ತೆಗೆದು ಬೇರೆ ಚೀಟಿ ಹಾಕೋಕಾಗಲ್ವಾ?” ಎಂದರು ಗಾರ್ಡ್ ಸಾಹೇಬರು, ಸಮಾಧಾನಕ್ಕೆ.

“ತೆಗಿಯೋಕೆ ಬರಲ್ಲ,” ಎಂದರು ಸೀಲಪ್ಪನವರು.

“ಗಾಳಿ ಬರಲ್ಲ, ನೀರು ಬರಲ್ಲ, ಯಾರೂ ಬಂದು ಏಳು ಅನ್ನಲ್ಲ,” ಎಂದರು ಹೆಂಡತಿ. ದನಿ ಏರಲಿಲ್ಲ. “ಪುಣ್ಯ ಮಾಡಿತ್ತು ನಾಣ್ಯ. ಆರೇ ವಾರಕ್ಕೆ ಕೋಣೆ ಆಯ್ತು ನೋಡಿ ಅದಕ್ಕೆ.” ಬಿಲ್ಲೆಯನ್ನು ಗಂಡನ ಕೈಯಲ್ಲಿಟ್ಟು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಓಣಿಯಲ್ಲಿ ಯಂತ್ರದ ಸದ್ದು ಶುರುವಾಯಿತು. ಜನ ಒಬ್ಬೊಬ್ಬರಾಗಿ ಕರಗಿದರು.

ಅಂದು ಆ ಓಣಿಯಲ್ಲಿ ‘ಸ್ವಲ್ಪ ಏಳ್ತೀಯಾ’ ಎನ್ನುವ ಧೈರ್ಯ ಸೀಲಪ್ಪನವರಿಗೆ ಇರಲಿಲ್ಲ. ಅವರು ಮೂರು ಸಲ ಗಾರ್ಡ್ ಸಾಹೇಬರ ಮನೆಯ ಬಚ್ಚಲಿಗೆ ಹೋಗಿಬಂದರು. ಮೂರನೆಯ ಸಲ ಗಾರ್ಡ್ ಸಾಹೇಬರು ಬಾಗಿಲಲ್ಲಿ ತಡೆದು, “ನೋಡ್ರೀ, ನನ್ನ ಬಿಸಿಲು ಹೋದ್ರೆ ಹೋಗ್ಲಿ. ಆ ಹೆಂಗಸಿಗೆ ಒಂದು ಚಾವಣಿ ಹಾಕಿಸ್ಕೊಡಿ,” ಎಂದರು. ತಣ್ಣೀರಿನ ಸ್ನಾನಕ್ಕೆ ಸಿದ್ಧನಾದ ಮನುಷ್ಯನ ಮಾತಿಗೆ ತೂಕವಿರುತ್ತದೆ.

ಮರುದಿನ ಸೀಲಪ್ಪನವರು ಕಚೇರಿಗೆ ರಜೆ ಹಾಕಿ, ಶರ್ಟಿನ ಕವರುಗಳಲ್ಲಿದ್ದ ತಮ್ಮ ಇಡೀ ಸಂಗ್ರಹವನ್ನು ಹೊತ್ತುಕೊಂಡು ಅಧ್ಯಕ್ಷರ ಮನೆಗೆ ಹೋದರು. ಡಾಕ್ಟರು ಕೈಗವಸು ಹಾಕಿಕೊಂಡು, ಹಸಿರಾದವನ್ನು ಪಕ್ಕಕ್ಕಿಟ್ಟು, ಉಳಿದದ್ದೆಲ್ಲವನ್ನೂ ಕೂಟದವರಿಗೆ ಮಾರಿಸಿಕೊಟ್ಟರು. ಸ್ಲ್ಯಾಬ್ ಹಾಕಿದ ನಾಣ್ಯವನ್ನು ಮಾತ್ರ ಒಬ್ಬರೂ ಕೊಳ್ಳಲಿಲ್ಲ. ಅಲ್ಲಿಂದ ಅವರು ಮೇಸ್ತ್ರಿಯ ಮನೆಗೆ ಹೋದರು. ಮೇಸ್ತ್ರಿ ಮೂರು ಷರತ್ತು ಹಾಕಿದ. ಸ್ಲ್ಯಾಬ್ ಐದು ಇಂಚು ಇರಬೇಕು. ಕಬ್ಬಿಣದ ವಿಷಯದಲ್ಲಿ ಯಾರೂ ಬಾಯಿ ಹಾಕಬಾರದು. ‘ಡೂಪ್ಲಿಕೇಟು’ ಎಂದದ್ದನ್ನು ಕೆಲಸಗಾರರೆಲ್ಲರ ಮುಂದೆ ವಾಪಸ್ಸು ತೆಗೆದುಕೊಳ್ಳಬೇಕು. ಸೀಲಪ್ಪನವರು ಮೂರಕ್ಕೂ ಒಪ್ಪಿ, ಮೂರನೆಯದನ್ನು ಅಲ್ಲೇ ಮುಗಿಸಿದರು.

ಸ್ಲ್ಯಾಬ್ ಹಾಕಿದ್ದಾಯಿತು. ಇಪ್ಪತ್ತೊಂದು ದಿನ ಬೆಳಿಗ್ಗೆ ಸಂಜೆ ಕೊಡದಲ್ಲಿ ನೀರು ಹೊತ್ತು ಅದನ್ನು ನೆನೆಸಿದವರು ಸೀಲಪ್ಪನವರೇ. ಇನ್ಸ್‌ಪೆಕ್ಟರು ಒಮ್ಮೆ ಬಂದು ದಪ್ಪ ಅಳೆದು, “ಹಲ್ಲಿನ ಡಾಕ್ಟ್ರು ಒಪ್ಪಿದ್ರಾ?” ಎಂದು ಕೇಳಿಕೊಂಡು ಹೋದರು. ಈ ಎಲ್ಲ ದಿನಗಳಲ್ಲಿ ಹೆಂಡತಿ ಗಂಡನೊಂದಿಗೆ ಆಡಿದ ಮಾತು ಬೆರಳೆಣಿಕೆಯಷ್ಟು. ಊಟ, ಕೊಡ, ಬೀಗದ ಕೈ. ಕೋಣೆಗೆ ಸುಣ್ಣವಾಯಿತು, ಬಾಗಿಲು ಕೂತಿತು, ನೀಲಿ ಪರದೆ ಏರಿತು. ಒಂದು ಮಧ್ಯಾಹ್ನ ನಾಲ್ಕು ಜನ ಸೇರಿ ಯಂತ್ರವನ್ನು ಮೇಲೆ ಸಾಗಿಸಿದರು. ಆಕೆ ಹಿಂದೆಯೇ ಹತ್ತಿ ಹೋಗಿ ಬಾಗಿಲು ಮುಚ್ಚಿಕೊಂಡರು.

ಸೀಲಪ್ಪನವರು ಕೆಳಗೆ ನಿಂತು ಸದ್ದು ಕೇಳಿದರು. ಅರ್ಧ ಗಂಟೆ ಯಂತ್ರ ಒಂದೇ ಸಮ ಓಡಿತು, ಒಮ್ಮೆಯೂ ನಿಲ್ಲಲಿಲ್ಲ. ಆ ಮನೆಯಲ್ಲಿ ಅಂಥ ಸದ್ದು ಅವರು ಹಿಂದೆ ಕೇಳಿರಲಿಲ್ಲ. ಹನ್ನೊಂದು ವರ್ಷ ಅದನ್ನು ನಡುನಡುವೆ ನಿಲ್ಲಿಸುತ್ತಿದ್ದವನು ತಾನೇ ಎಂದು ಅವರಿಗೆ ಹೊಳೆಯಿತು. ಮೆಟ್ಟಿಲು ಹತ್ತಿ ಬಾಗಿಲ ಮುಂದೆ ನಿಂತರು. ತಮ್ಮದೇ ಮನೆಯ ಬಾಗಿಲನ್ನು ಅವರು ತಟ್ಟಿದ್ದು ಅದೇ ಮೊದಲು.

“ಯಾರು?”

“ನಾನು.”

“ಏನ್ ಕೆಲಸ?”

“ತಪ್ಪಾಯ್ತು ಅಂತ ಹೇಳೋಕೆ ಬಂದೆ.”

“ಕೇಳಿಸ್ತಿಲ್ಲ. ಜೋರಾಗಿ ಹೇಳಿ.”

“ತಪ್ಪಾಯ್ತು!” ಎಂದು ಕೂಗಿದರು ಸೀಲಪ್ಪನವರು.

“ನಮಗೂ ಕೇಳಿಸ್ತು!” ಎಂದಿತು ಪಕ್ಕದ ಚಾವಣಿ.

ಒಳಗೆ ಯಂತ್ರ ನಿಂತಿತು. ಸೀಲಪ್ಪನವರು ಕದದ ಮೇಲೆ ಕೈಯಿಟ್ಟು ಕಾದರು. ಕತ್ತರಿ ಎತ್ತಿಟ್ಟ ಸದ್ದು, ಬಟ್ಟೆ ಕೊಡವಿದ ಸದ್ದು.

“ಸರಿ. ಐದು ಗಂಟೆ ಮೇಲೆ ಬನ್ನಿ,” ಎಂದಿತು ಒಳಗಿನ ದನಿ. “ಈಗ ಏಳೋಕಾಗಲ್ಲ.”

ಯಂತ್ರ ಮತ್ತೆ ಓಡತೊಡಗಿತು. ಸೀಲಪ್ಪನವರು ಗಡಿಯಾರ ನೋಡಿಕೊಂಡರು. ಎರಡೂಕಾಲು. ಕೆಳಗೆ ಇಳಿದುಹೋಗಬಹುದಿತ್ತು, ಇಳಿಯಲಿಲ್ಲ. ಬಿಸಿಲು ಬೀಳುತ್ತಿದ್ದ ಮೇಲಿನ ಮೆಟ್ಟಿಲ ಮೇಲೆ ಕೂತುಕೊಂಡರು.